ಜಗಳ ಆಡಿ ಕ್ಷಮೆ ಕೇಳೋ ಊರು: ಹಬ್ಬದ ಮುಂಚಿನ ಇಸ್ರೇಲ್ ಡೈರಿ

ಸೆಪ್ಟೆಂಬರ್ 20, 2022, ಮಂಗಳವಾರ

ಬೆನ್ ಗುರಿಯನ್ ಏರ್‌ಪೋರ್ಟಲ್ಲಿ ಪಾಸ್‌ಪೋರ್ಟಿಗೆ ಸೀಲ್ ಒತ್ತಲ್ಲ, ನೀಲಿ ಬಣ್ಣದ ಒಂದು ಪುಟಾಣಿ ಚೀಟಿ ಕೊಡ್ತಾರೆ, ಅದನ್ನ ವಾಪಸ್ ಹೋಗೋ ತನಕ ಜೋಪಾನ ಮಾಡ್ಬೇಕು. ಬಂದಿರೋದು ಆಫೀಸ್ ಕೆಲಸಕ್ಕೆ, ಟೆಲ್ ಅವೀವ್ ಪಕ್ಕದ ಹೆರ್ಜ್‌ಲಿಯಾಗೆ. ಡೇಟ್ ಫಿಕ್ಸ್ ಮಾಡಿದವರು ಇಲ್ಲಿನ ಕ್ಯಾಲೆಂಡರ್ ನೋಡೇ ಇಲ್ಲ ಅನ್ಸುತ್ತೆ. ಬರೋ ಭಾನುವಾರ ಸಂಜೆ ಯಹೂದಿ ಹೊಸ ವರ್ಷ ರೋಶ್ ಹಶಾನಾ ಶುರು, ಅವತ್ತು ಶುರುವಾಗೋ ಯಹೂದಿ ತಿಂಗಳ ಹತ್ತನೇ ದಿನ ಪಾಪಕ್ಕೆ ಕ್ಷಮೆ ಕೇಳೋ ಯೋಮ್ ಕಿಪ್ಪುರ್ ಉಪವಾಸ, ಹದಿನೈದಕ್ಕೆ ಸುಕ್ಕೋತ್ ಅನ್ನೋ ಇನ್ನೊಂದು ಹಬ್ಬ, ಅಂದ್ರೆ ಹೆಚ್ಚು ಕಮ್ಮಿ ಒಂದು ತಿಂಗಳು ದೇಶಕ್ಕೆ ದೇಶವೇ ಅರ್ಧ ಬಾಗಿಲು ಹಾಕ್ಕೊಂಡಿರುತ್ತೆ. ಟೀಮಿನವರಿಗೆ ಏನೇ ಕೇಳಿದ್ರೂ ಒಂದೇ ಉತ್ತರ, "ಅಖ್ರೇ ಹಖಗೀಮ್", ಹಬ್ಬ ಆಗ್ಲಿ ಆಮೇಲೆ. ಆಕ್ಸೆಸ್ ಕಾರ್ಡ್ ಕೇಳಿದೆ, ಹಬ್ಬ ಆಗ್ಲಿ. ಟೆಸ್ಟ್ ಸರ್ವರ್ ಕೇಳಿದೆ, ಅದಕ್ಕೂ ಹಬ್ಬ ಆಗ್ಬೇಕಂತೆ. ನಾನು ವಾಪಸ್ ಹೋಗೋದೇ ಹಬ್ಬಗಳು ಮುಗಿಯೋ ಮುಂಚೆ ಕಣ್ರಪ್ಪಾ ಅಂದ್ರೆ ಐದೂ ಬೆರಳಿನ ತುದಿ ಒಟ್ಟು ಸೇರಿಸಿ ಮೇಲೆ ಮುಖ ಮಾಡಿ ಅಲ್ಲಾಡಿಸಿ ತೋರಿಸ್ತಾರೆ. ಸ್ವಲ್ಪ ತಡ್ಕೋ ಅಂತ. ಇದನ್ನ ಮಕ್ಕಳೂ ಮಾಡ್ತಾರೆ, ಬಸ್ ಡ್ರೈವರೂ ಮಾಡ್ತಾನೆ, ಸ್ಟೀರಿಂಗ್ ಬಿಟ್ಟು.

ಈಗ ನಡೀತಿರೋದು ಎಲುಲ್ ತಿಂಗಳು. ಹೊಸ ವರ್ಷಕ್ಕೆ ಮುಂಚಿನ ಈ ತಿಂಗಳಲ್ಲಿ ವರ್ಷದ ಲೆಕ್ಕ ನೋಡ್ಕೋಬೇಕಂತೆ, ದುಡ್ಡಿನದ್ದಲ್ಲ, ಯಾರಿಗೆ ಏನಂದೆ, ಯಾರ ಮನಸ್ಸು ನೋಯಿಸಿದೆ ಅನ್ನೋ ಲೆಕ್ಕ. ಶನಿವಾರ ಬಿಟ್ಟು ದಿನಾ ಬೆಳಗ್ಗೆ ಸಿನಗಾಗ್‌ಗಳಲ್ಲಿ, ಅಂದ್ರೆ ಯಹೂದಿ ಪ್ರಾರ್ಥನಾ ಮಂದಿರಗಳಲ್ಲಿ, ಶೋಫಾರ್, ಅಂದ್ರೆ ಟಗರಿನ ಕೊಂಬು ಊದ್ತಾರೆ. ಅದನ್ನ ಕೇಳಿ ಎಚ್ಚರ ಆಗಿ ಎಲ್ರೂ ಶಾಂತವಾಗಿ ಸಹನೆಯಿಂದ ಇರ್ತಾರೇನೋ ಅಂದ್ಕೊಂಡ್ರೆ, ಹೋಟೆಲಿಗೆ ಬರೋ ದಾರೀಲೇ ಟ್ಯಾಕ್ಸಿಯವನು ಹಸಿರು ಲೈಟ್ ಬೀಳೋ ಮುಂಚೇನೇ ಹಾರ್ನ್ ಹೊಡೆದ. ಇಲ್ಲಿ ಕೆಂಪು ಆದ್ಮೇಲೆ ಸೀದಾ ಹಸಿರು ಬರಲ್ಲ, ಕೆಂಪು ಹಳದಿ ಎರಡೂ ಒಟ್ಟಿಗೆ ಒಂದು ಕ್ಷಣ ಹತ್ತುತ್ತೆ, ಆ ಕ್ಷಣ ಇರೋದೇ ಹಾರ್ನಿಗೆ.

ಸೆಪ್ಟೆಂಬರ್ 21, ಬುಧವಾರ

ಸಂಜೆ ಸೂಪರ್‌ಮಾರ್ಕೆಟ್‌ಗೆ ಹೋಗಿದ್ದೆ, ಮೊಸರು ಹಣ್ಣು ಬ್ರೆಡ್ಡು ಅಷ್ಟೇ. ಹಬ್ಬದ ಶಾಪಿಂಗ್, ಜನವೋ ಜನ. ಬಾಗಿಲಲ್ಲೇ ಜೇನಿನ ಬಾಟಲಿ ಗುಡ್ಡೆ ಹಾಕಿದಾರೆ, ಪಕ್ಕದಲ್ಲಿ ಸೇಬು, ದಾಳಿಂಬೆ. ಇಲ್ಲಿ ಕ್ಯೂ ಸಿಸ್ಟಂ ಹೆಂಗೆ ಅಂದ್ರೆ, ಒಬ್ಬರು ಟ್ರಾಲಿ ತಂದು ನಿಮ್ಮ ಹಿಂದೆ ನಿಲ್ಲಿಸಿ "ನಾನು ನಿಮ್ಮ ಹಿಂದೆ ಇದೀನಿ" ಅಂತ ಹೇಳಿ ಮಾಯ ಆಗ್ತಾರೆ. ಟ್ರಾಲಿ ಕ್ಯೂ ನಿಂತಿರುತ್ತೆ, ಓನರ್ ಇನ್ನೂ ಎಣ್ಣೆ ಸಾಬೂನು ಆರಿಸ್ತಿರ್ತಾರೆ.

ನನ್ನ ಮುಂದಿದ್ದ ಟ್ರಾಲಿ ಹಂಗೇ ಅನಾಥ. ಸರದಿ ಬಂತು, ಓನರ್ ಇಲ್ಲ. ನನ್ನ ಹಿಂದಿದ್ದ ಅರವತ್ತರ ಆಸುಪಾಸಿನ ಹೆಂಗಸು ಅದನ್ನ ಪಕ್ಕಕ್ಕೆ ತಳ್ಳಿ ನನಗೆ ಮುಂದೆ ಹೋಗು ಅಂದ್ರು. ಅಷ್ಟರಲ್ಲಿ ಓನರಮ್ಮ ಎರಡೂ ಕೈ ತುಂಬ ಮಂಡಕ್ಕಿ ಪ್ಯಾಕೆಟ್ ಥರದ್ದೇನೋ ಹಿಡ್ಕೊಂಡು ಓಡಿ ಬಂದ್ಲು. ಶುರುವಾಯ್ತು ನೋಡಿ. ಇಬ್ಬರದ್ದೂ ಗಂಟಲು ಬಿರಿಯೋ ಹಂಗೆ ಕೂಗಾಟ, ಕ್ಯಾಶಿಯರ್ ಹುಡುಗ ತಲೆ ಎತ್ತಲಿಲ್ಲ, ಮೊಸರು ಬೀಪ್ ಬೀಪ್ ಅನ್ನಿಸ್ತಾ ಇದ್ದ, ಕ್ಯೂನಲ್ಲಿದ್ದ ಮೂರನೆಯವರು ನಾಲ್ಕನೆಯವರು ಕೂಡ ಜಡ್ಜ್‌ಗಳ ಥರ ತೀರ್ಪು ಕೊಡೋಕೆ ಶುರು ಮಾಡಿದ್ರು. ನಾನು ಇದು ಪೊಲೀಸ್ ತನಕ ಹೋಗುತ್ತೆ ಅಂತ ಬ್ಯಾಗ್ ಎತ್ಕೊಂಡು ರೆಡಿಯಾಗಿದ್ದೆ. ಒಂದು ನಿಮಿಷ ಆಗಿರ್ಬೇಕು, ಅರವತ್ತರ ಹೆಂಗಸು ಆ ಕಡೆಯವಳ ಟ್ರಾಲಿಗೆ ಕೈ ಹಾಕಿ ಜೇನಿನ ಬಾಟಲಿ ಎತ್ತಿ, ಇದ್ಯಾಕೆ ತಗೊಂಡೆ, ಆ ಕಡೆ ಕೊನೇ ಸಾಲಲ್ಲಿ ಎರಡಕ್ಕೆ ಆಫರ್ ಇದೆ ನೋಡಲಿಲ್ವಾ ಅಂದ್ರು. ಅವಳು ಹೌದಾ ಅಂತ ಕಣ್ಣರಳಿಸಿ ಟ್ರಾಲಿ ಮತ್ತೆ ಅಲ್ಲೇ ಬಿಟ್ಟು ಓಡಿದ್ಲು! ಈ ಸಲ ಆ ಟ್ರಾಲಿ ಕಾಯೋಕೆ ನಿಂತಿದ್ದು ಜಗಳ ಆಡಿದ ಹೆಂಗಸೇ.

ಪೂರ್ತಿ ಮಾತು ಅರ್ಥ ಆಗಿದ್ದು ಹೊರಗಡೆ ಆಫೀಸಿನ ಗೆಳತಿ ಬಿಡಿಸಿ ಹೇಳಿದ್ಮೇಲೆ, ಅವಳಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ. ನಮ್ಮ ಕಡೆ ತಾಳ್ಮೆ ಅಂದ್ರೆ ಬಾಯಿ ಮುಚ್ಕೊಂಡಿರೋದು, ತಾಳಿದವನು ಬಾಳಿಯಾನು ಅಂತ ಗಾದೆ ಬೇರೆ. ತಾಳ್ತೀವಿ, ಆಮೇಲೆ ಹತ್ತು ವರ್ಷ ಮದುವೆ ಮನೇಲಿ ಸಿಕ್ಕಾಗೆಲ್ಲ ಮುಖ ತಿರುಗಿಸ್ಕೊಂಡು ಹೋಗ್ತೀವಿ. ಇವರಿಗೆ ಕಾಯೋ ತಾಳ್ಮೆ ಚೂರೂ ಇಲ್ಲ, ಆದ್ರೆ ಜಗಳ ಹೊಟ್ಟೇಲಿಟ್ಕೊಂಡು ಮನೆಗೆ ಹೋಗಲ್ಲ.

ಸೆಪ್ಟೆಂಬರ್ 22, ಗುರುವಾರ

ಟೆಲ್ ಅವೀವ್‌ನಲ್ಲಿ ಶೆರುತ್ ಅಂತ ಹಳದಿ ಮಿನಿಬಸ್ ಇರುತ್ತೆ, 4 ಮತ್ತೆ 5ನೇ ನಂಬರ್ ಬಸ್ಸಿನ ರೂಟಲ್ಲೇ ಓಡುತ್ತೆ, ಕೈ ತೋರಿಸಿದಲ್ಲಿ ನಿಲ್ಲುತ್ತೆ. ಹತ್ತಿ ಕೂತ್ಕೊಂಡು ಮುಂದಿನವರ ಭುಜ ತಟ್ಟಿ ದುಡ್ಡು ಕೊಟ್ರೆ ಅದು ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತೆ. ನಾನು ಐವತ್ತು ಶೆಕೆಲ್ ನೋಟ್ ಕೊಟ್ಟೆ. ಒಬ್ಬ ಸೈನಿಕ ಹುಡುಗ, ಒಬ್ಬ ಹೆಡ್‌ಫೋನ್ ಹುಡುಗಿ, ಕಪ್ಪು ಹ್ಯಾಟಿನ ಯಜಮಾನರು, ಹಿಜಾಬ್ ಹಾಕಿದ ಅಮ್ಮ, ಎಲ್ಲರ ಕೈ ದಾಟಿ ಹೋಯ್ತು, ಚಿಲ್ಲರೆ ಅದೇ ದಾರೀಲಿ ವಾಪಸ್ ಬಂತು, ಒಂದು ನಾಣ್ಯ ಕಮ್ಮಿ ಇಲ್ಲ. ಡ್ರೈವರ್ ಗಾಡಿ ಓಡಿಸ್ತಾ, ಚಿಲ್ಲರೆ ಎಣಿಸ್ತಾ, ಯಾರಿಗೋ ಫೋನಲ್ಲಿ ಬೈತಾ ಇದ್ದ.

ಕಿಟಕಿಯಿಂದ ಎಲ್ಲಿ ನೋಡಿದ್ರೂ ಎಲೆಕ್ಷನ್ ಪೋಸ್ಟರ್. ನವೆಂಬರ್ 1ಕ್ಕೆ ಮತದಾನ, ನಾಲ್ಕು ವರ್ಷದೊಳಗೆ ಇದು ಐದನೇದು. ಗೆಳತಿ ಮನೇಲಿ ಊಟಕ್ಕೆ ಕೂತಾಗ ಪಾಲಿಟಿಕ್ಸ್ ಎತ್ತಬಾರದು ಅಂತ ರೂಲ್ ಮಾಡಿದಾರಂತೆ, ಅಪ್ಪ ಒಂದು ಪಾರ್ಟಿ, ಅಣ್ಣ ಇನ್ನೊಂದು. ರೂಲ್ ಮಾಡಿದ್ದು ಅಮ್ಮ, ಮೊದಲು ಮುರಿಯೋರೂ ಅವರೇ ಅಂತೆ.

ರಾತ್ರಿ ಜೆರುಸಲೇಂ ಟ್ರೈನ್. ಅಲ್ಲಿನ ಸ್ಟೇಷನ್ ನೆಲದಿಂದ ಸುಮಾರು 80 ಮೀಟರ್ ಕೆಳಗಿದೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಹತ್ತಿ ಭೂಮಿ ಕಾಣೋಷ್ಟರಲ್ಲಿ ನನ್ನ ತಾಳ್ಮೆಗೂ ಪರೀಕ್ಷೆ ಆಯ್ತು.

ಸೆಪ್ಟೆಂಬರ್ 23, ಶುಕ್ರವಾರ

ಬೆಳಗ್ಗೆ ಮಖನೆ ಯೆಹೂದಾ ಮಾರ್ಕೆಟ್. ಶುಕ್ರವಾರ, ಮೇಲಾಗಿ ಹೊಸ ವರ್ಷದ ಮುಂಚಿನ ಶುಕ್ರವಾರ, ಕಾಲಿಡೋಕೆ ಜಾಗ ಇಲ್ಲ. ಖರ್ಜೂರ ಮೀನು ಹಲ್ವಾ ಎಲ್ಲಾ ಒಟ್ಟಿಗೆ ವಾಸನೆ. ಹಬ್ಬಕ್ಕೆ ಖಲ್ಲಾ ಬ್ರೆಡ್ಡನ್ನ ದುಂಡಗೆ ಮಾಡ್ತಾರೆ, ಉಳಿದ ಶುಕ್ರವಾರ ಜಡೆ ಹೆಣೆದ ಹಂಗೆ ಉದ್ದಕ್ಕಿರುತ್ತೆ. ಕೆಲವು ತರಕಾರಿ ಅಂಗಡೀಲಿ ಬೋರ್ಡು, ಈ ಮಾಲು ಎಲ್ಲಿಂದ ಬಂತು, ಯಾವ ರಬ್ಬಿಗಳ, ಅಂದ್ರೆ ಯಹೂದಿ ಧರ್ಮಗುರುಗಳ ಒಪ್ಪಿಗೆ ಇದೆ ಅಂತ. ಯಾಕಂದ್ರೆ ಈ ವರ್ಷ ಶ್ಮಿತಾ, ಏಳು ವರ್ಷಕ್ಕೊಮ್ಮೆ ಭೂಮಿಗೆ ರಜಾ. ವರ್ಷದ ಕೊನೇಲಿ ಸಾಲಗಳೂ ಮನ್ನಾ ಆಗ್ಬೇಕು ಅಂತ ಶಾಸ್ತ್ರ. ಹಂಗಾದ್ರೆ ಕೊನೆ ವರ್ಷ ಯಾರೂ ಸಾಲಾನೇ ಕೊಡಲ್ವಲ್ಲ, ಅದಕ್ಕೆ ಎರಡು ಸಾವಿರ ವರ್ಷದ ಹಿಂದೆ ಹಿಲ್ಲೆಲ್ ಅನ್ನೋ ಪಂಡಿತರು ಪ್ರೊಜ್ಬುಲ್ ಅಂತ ಒಂದು ಪತ್ರ ಕಂಡುಹಿಡಿದ್ರು, ಸಾಲಾನ ಕೋರ್ಟಿನ ಕೈಗೆ ವಹಿಸಿದ್ರೆ ಮನ್ನಾ ಆಗಲ್ಲ. ಮನುಷ್ಯರ ಸಹನೆ ಎಷ್ಟು ದೂರ ಎಳೆಯುತ್ತೆ ಅಂತ ಗೊತ್ತಿದ್ದ ಪುಣ್ಯಾತ್ಮ.

ಮಧ್ಯಾಹ್ನ ಹಳೇ ಊರಿನ ಗೋಡೆ ಒಳಗೆ. ಡಮಾಸ್ಕಸ್ ಗೇಟಲ್ಲಿ ಅಲ್ ಅಕ್ಸಾ ನಮಾಜ್ ಮುಗಿಸಿ ಬರೋರ ಪ್ರವಾಹ, ಅದರ ಎದುರಿಗೆ ಯಹೂದಿಗಳ ವಾರದ ವಿಶ್ರಾಂತಿ ದಿನ ಸಬ್ಬತ್ ಶುರುವಾಗೋ ಮುಂಚೆ, ಅವರು ಪ್ರಾರ್ಥನೆ ಮಾಡೋ ಪಶ್ಚಿಮದ ಗೋಡೆ ಸೇರೋಕೆ ದಾಪುಗಾಲು ಹಾಕ್ತಿರೋ ಕಪ್ಪು ಕೋಟಿನವರು, ಮಧ್ಯೆ ಫ್ರಾನ್ಸಿಸ್ಕನ್ ಪಾದ್ರಿಗಳ ಶುಕ್ರವಾರದ ಶಿಲುಬೆ ಹಾದಿ ಮೆರವಣಿಗೆ. ಓಣಿ ಅಗಲ ಎರಡು ಕೈ ಚಾಚಿದಷ್ಟು. ಯಾರೂ ಯಾರಿಗೂ ನಗಲ್ಲ, ಯಾರೂ ಯಾರನ್ನೂ ಮುಟ್ಟಲ್ಲ, ಭುಜ ಓರೆ ಮಾಡ್ಕೊಂಡು ಹೋಗ್ತಾನೇ ಇರ್ತಾರೆ, ಮೂಲೆಮೂಲೇಲಿ ಬಂದೂಕು ಹಿಡಿದ ಪೊಲೀಸರು.

ಯೇಸುವಿನ ಸಮಾಧಿ ಇಲ್ಲೇ ಇತ್ತು ಅಂತ ನಂಬೋ ಹೋಲಿ ಸೆಪಲ್ಕರ್ ಚರ್ಚಿನ ಬಾಗಿಲ ಮೇಲಿನ ಕಿಟಕಿ ಕೆಳಗೆ ಒಂದು ಮರದ ಏಣಿ ಇದೆ, 18ನೇ ಶತಮಾನದಿಂದ ಅಲ್ಲೇ ಇದೆ. ಚರ್ಚು ಆರು ಪಂಥಗಳ ಹಂಚಿಕೆ, ಯಾವ ಮೂಲೆ ಯಾರದು ಯಾವ ಹೊತ್ತಿಗೆ ಯಾರ ಪೂಜೆ ಅನ್ನೋದನ್ನ 1852ರಲ್ಲಿ ಆಟೊಮನ್ ಸುಲ್ತಾನರು ಇದ್ದ ಹಂಗೇ ಇರ್ಲಿ ಅಂತ ಫರ್ಮಾನ್ ಹೊರಡಿಸಿ ನಿಲ್ಲಿಸಿದ್ರು. ಎಲ್ಲರೂ ಒಪ್ಪದೆ ಏಣಿ ತೆಗೆಯೋ ಹಂಗಿಲ್ಲ. ಬಾಗಿಲ ಬೀಗದ ಕೆಲಸ ತಲತಲಾಂತರದಿಂದ ಎರಡು ಮುಸ್ಲಿಂ ಕುಟುಂಬಗಳದ್ದು, ಕ್ರೈಸ್ತರು ಒಬ್ಬರನ್ನೊಬ್ಬರು ನಂಬಲ್ಲ ಅಂತ. ಇದನ್ನ ಸೌಹಾರ್ದ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ, ನೀನೂ ಮುಟ್ಬೇಡ ನಾನೂ ಮುಟ್ಟಲ್ಲ ಅನ್ನೋ ಪಂಚಾಯ್ತಿ ಇದು. ಆದ್ರೆ ಚರ್ಚು ನಿಂತಿದೆ, ದಿನಾ ಬಾಗಿಲು ತೆಗೀತಾರೆ, ಹಾಕ್ತಾರೆ.

ಎಳ್ಳಿನ ಬ್ರೆಡ್ ಮಾರೋ ಅರಬ್ ಅಂಗಡಿಯವನ ಹತ್ರ ಹಬ್ಬದ ಬಗ್ಗೆ ಮಾತು ತೆಗೆದೆ. ಅವನ ಅಕ್ಕನ ಮನೆ ಬೆತ್ಲೆಹೆಮ್‌ನಲ್ಲಿ, ಪ್ಯಾಲೆಸ್ತೀನಿಯರ ವೆಸ್ಟ್ ಬ್ಯಾಂಕ್ ಕಡೆ, ಇಲ್ಲಿಂದ ಹತ್ತು ಕಿಲೋಮೀಟರ್ ಕೂಡ ಇಲ್ಲ. ಯಹೂದಿ ಹಬ್ಬಗಳಿಗೆ ವೆಸ್ಟ್ ಬ್ಯಾಂಕ್ ಚೆಕ್‌ಪೋಸ್ಟ್ ಮುಚ್ಚೋದು ರೂಢಿ, ಪರ್ಮಿಟ್ ಇದ್ದೋರೂ ಆಚೇನೇ. "ತಾಳ್ಮೆ ನಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ" ಅಂದ, ನಗ್ತಾನೇ. ಬ್ರೆಡ್ ಜೊತೆ ಕಾಗದದ ಪೊಟ್ಟಣದಲ್ಲಿ ಝಾತರ್ ಪುಡಿ ಕಟ್ಟಿಕೊಟ್ಟ. ಸಂಜೆ ಸೈರನ್ ಕೂಗ್ತು, ಸಬ್ಬತ್ ಶುರು, ಊರಿನ ಪಶ್ಚಿಮ ಭಾಗದಲ್ಲಿ ಬಸ್ಸು ಟ್ರ್ಯಾಮು ಎಲ್ಲಾ ಬಂದ್.

ಸೆಪ್ಟೆಂಬರ್ 24, ಶನಿವಾರ

ಹಗಲೆಲ್ಲ ಅಂಗಡಿ ಮುಚ್ಚಿದ್ದು, ನಿದ್ದೆ. ರಾತ್ರಿ ಸೆಲಿಖೋತ್. ಕ್ಷಮೆ ಕೇಳೋ ಪ್ರಾರ್ಥನೆ ಇದು, ಸ್ಪೇನ್, ಅರಬ್ ನಾಡುಗಳ ಮೂಲದ ಸೆಫಾರ್ದಿ ಯಹೂದಿಗಳು ಎಲುಲ್ ತಿಂಗಳು ಪೂರ್ತಿ ಮಾಡ್ತಾರೆ, ಯುರೋಪ್ ಮೂಲದ ಅಶ್ಕೆನಾಜಿಗಳು ಹೊಸ ವರ್ಷಕ್ಕೆ ಕೆಲವು ದಿನ ಮುಂಚೆ ಶುರು ಮಾಡ್ತಾರೆ. ಮಧ್ಯರಾತ್ರಿಗೆ ನಖ್ಲಾವೋತ್ ಗಲ್ಲಿಗಳಲ್ಲಿ ಗೈಡ್‌ಗಳ ಹಿಂದೆ ಟೂರ್ ಗುಂಪುಗಳು, ಸ್ಕೂಲ್ ಮಕ್ಕಳು, ರಿಟೈರ್ ಆದ ದಂಪತಿಗಳು, ಕಿಟಕಿ ತೆಗೆದು ಸುಮ್ನಿರ್ರೋ ಅಂತ ಬೈಯೋ ನಿವಾಸಿಗಳು. ಮಲಗಿರೋರ ನಿದ್ದೆ ಕೆಡಿಸಿ ಕ್ಷಮೆ ಕೇಳೋದು ಅಂದ್ರೆ ಇದೇ ನೋಡಿ.

ಪಶ್ಚಿಮದ ಗೋಡೆ ಹತ್ರ ಜನಸಾಗರ. ತಪ್ಪೊಪ್ಪಿಗೆ ಭಾಗ ಬಂದಾಗ ಎಲ್ರೂ ಮುಷ್ಟಿ ಕಟ್ಟಿ ಎದೆಗೆ ಮೆಲ್ಲಗೆ ಬಡ್ಕೊಳ್ತಾರೆ. ಪಟ್ಟಿ ಹೀಬ್ರೂ ಅಕ್ಷರಮಾಲೆ ಕ್ರಮದಲ್ಲಿದೆ, ನಮ್ಮ ಲೆಕ್ಕದಲ್ಲಿ ಅ ಇಂದ ಳ ತನಕ ಒಂದೊಂದು ಅಕ್ಷರಕ್ಕೆ ಒಂದೊಂದು ಪಾಪ. ನಾನು ಮಾಡಿದೆ ಅಂತಿಲ್ಲ, ನಾವು ಮಾಡಿದ್ವಿ ಅಂತ. ಕದೀದೇ ಇದ್ದೋನೂ ನಾವು ಕದ್ವಿ ಅನ್ಬೇಕು. ನನ್ನ ಪಕ್ಕ ಒಬ್ಬ ಹುಡುಗ ಟೀ ಶರ್ಟ್, ಹವಾಯಿ ಚಪ್ಪಲಿ, ಒಂದು ಕೈಯಲ್ಲಿ ಮೊಬೈಲ್‌ನಲ್ಲಿ ಪ್ರಾರ್ಥನೆ ಓದ್ತಾ ಇನ್ನೊಂದು ಕೈಲಿ ಎದೆ ಬಡ್ಕೊಳ್ತಿದ್ದ, ಮಧ್ಯೆ ವಾಟ್ಸಾಪ್ ಬಂದ್ರೆ ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿ ಮತ್ತೆ ಓದ್ತಿದ್ದ.

ಸೆಪ್ಟೆಂಬರ್ 25, ಭಾನುವಾರ

ನಮ್ಮಲ್ಲಿ ಇವತ್ತು ಮಹಾಲಯ ಅಮಾವಾಸ್ಯೆ, ಊರಿಂದ ಅಮ್ಮ ಫೋನ್ ಮಾಡಿ ಎಡೆ ಇಟ್ಟಾಯ್ತು ಅಂದ್ರು. ಇಲ್ಲಿ ಇವತ್ತು ವರ್ಷದ ಕೊನೇ ದಿನ. ಎರಡೂ ಚಂದ್ರನ ಲೆಕ್ಕ, ಅದಕ್ಕೇ ಕೂಡ್ಕೊಂಡು ಬಂದಿದೆ. ಮಧ್ಯಾಹ್ನದೊಳಗೆ ಟೆಲ್ ಅವೀವ್ ಸೇರ್ಕೊಂಡೆ, ಆಮೇಲೆ ಟ್ರೈನಿಲ್ಲ.

ರಾತ್ರಿ ಗೆಳತಿ ಮನೇಲಿ ಊಟ. ಜೇನಲ್ಲಿ ಅದ್ದಿದ ಸೇಬು, ದಾಳಿಂಬೆ, ಖರ್ಜೂರ, ಬೀಟ್ರೂಟ್, ಕುಂಬಳಕಾಯಿ, ಮೀನಿನ ತಲೆ, ಆಮೇಲೆ ಅಲಸಂದೆ ಕಾಳು! ಒಂದೊಂದಕ್ಕೂ ಒಂದೊಂದು ಹಾರೈಕೆ. ಅಜ್ಜ ಹೇಳೋದು ಎಳೆದೂ ಎಳೆದೂ ಹೇಳ್ತಿದ್ರು, ಮೊಮ್ಮಕ್ಕಳು ಹಸಿದು ಟೇಬಲ್ ಕೆಳಗೆ ಸೇರ್ಕೊಂಡಿದ್ವು. ಪಾಲಿಟಿಕ್ಸ್ ರೂಲ್ ಮೀನಿನ ತಲೆ ತನಕ ನಡೀತು, ಬಾಲ ಆಗದೇ ಇರೋಣ ತಲೆ ಆಗೋಣ ಅನ್ನೋ ಹಾರೈಕೆ ಅದು, ಅಣ್ಣ "ಈ ದೇಶಕ್ಕೆ ತಲೆ ಯಾರು ಅಂತ ನವೆಂಬರ್‌ನಲ್ಲಿ ಗೊತ್ತಾಗುತ್ತೆ" ಅಂದ. ಮುಗೀತು ಕಥೆ. ಅಪ್ಪ ಎದ್ದು ಬಾಲ್ಕನಿಗೆ ಹೋದ್ರು. ಐದು ನಿಮಿಷಕ್ಕೆ ಅಣ್ಣಾನೇ ಒಂದು ತಟ್ಟೇಲಿ ಮಾಂಸ, ಅಲಸಂದೆ ಹಾಕ್ಕೊಂಡು ಬಾಲ್ಕನಿಗೆ ಹೋದ. ಅಲ್ಲೂ ಜಗಳ ಮುಂದುವರೀತು, ಊಟ ಮಾಡ್ಕೊಂಡು.

ಸೆಪ್ಟೆಂಬರ್ 26, ಸೋಮವಾರ

ಊರಲ್ಲಿ ನವರಾತ್ರಿ ಮೊದಲ ದಿನ. ಇಲ್ಲಿ ಸಂಜೆ ಸಮುದ್ರದ ಹತ್ರ ತಶ್ಲೀಖ್, ಪಾಪ ನೀರಿಗೆ ಬಿಡೋದು. ಜೇಬು ಹೊರಗೆಳೆದು ಕೊಡವ್ತಾರೆ. ಪಕ್ಕದಲ್ಲೇ ಬಿಕಿನಿ ಹಾಕಿ ಈಜೋರು, ಮಟ್ಕೋಟ್ ಅಂತ ಮರದ ಬ್ಯಾಟಲ್ಲಿ ಟಕ್ ಟಕ್ ಆಡೋರು. ಚೆಂಡು ಬಂದು ಒಬ್ಬ ಯಜಮಾನರ ಪ್ರಾರ್ಥನೆ ಪುಸ್ತಕಕ್ಕೆ ಬಡೀತು. ಅವರು ಓದೋದು ನಿಲ್ಲಿಸದೆ ಕಾಲಲ್ಲಿ ಒದ್ದು ವಾಪಸ್ ಕಳಿಸಿದ್ರು.

ಸೆಪ್ಟೆಂಬರ್ 28, ಬುಧವಾರ

ಎರಡು ದಿನದ ಹೊಸ ವರ್ಷದ ಹಬ್ಬ ಮುಗಿದ ಮಾರನೇ ದಿನವೇ ಒಂದು ಸಣ್ಣ ಉಪವಾಸ ಇದೆ, ಗೆದಾಲ್ಯಾ ಉಪವಾಸ. ಆಫೀಸಲ್ಲಿ ಒಬ್ಬರೇ ಹಿಡಿದಿದ್ದು. ಬ್ಯಾಬಿಲೋನಿಯನ್ನರು ಜೆರುಸಲೇಂನಲ್ಲಿದ್ದ ಯಹೂದಿಗಳ ಮೊದಲ ದೇಗುಲ ಕೆಡವಿದ ಮೇಲೆ ಉಳಿದ ಜನರ ಮೇಲೆ ಗೆದಾಲ್ಯಾ ಅನ್ನೋರನ್ನ ಗವರ್ನರ್ ಮಾಡಿದ್ರು, ಅವರನ್ನ ಕೊಂದಿದ್ದು ಹೊರಗಿನವರಲ್ಲ, ಅವರದೇ ಜನ, ಇಶ್ಮಾಯೇಲ್ ಬೆನ್ ನೆತನ್ಯಾ. ಇದನ್ನ ಹೇಳಿದ ಸಹೋದ್ಯೋಗಿ ಸಂಜೆ ನನ್ನನ್ನ ಇಬ್ನ್ ಗಬಿರೋಲ್ ರಸ್ತೆಗೆ ಕರ್ಕೊಂಡು ಹೋದ್ರು. ಸಿಟಿ ಹಾಲ್ ಪಕ್ಕ 1995ರ ನವೆಂಬರ್ 4ರ ರಾತ್ರಿ ಶಾಂತಿ ಸಭೆ ಮುಗಿಸಿ ಮೆಟ್ಟಿಲಿಳಿದು ಕಾರಿನ ಹತ್ರ ಬಂದ ಪ್ರಧಾನಿ ಯಿತ್ಸಾಕ್ ರಾಬಿನ್‌ಗೆ ಒಬ್ಬ ಯಹೂದಿ ಯುವಕ ಗುಂಡು ಹಾರಿಸಿದ ಜಾಗ. ನೆಲ ಭೂಕಂಪಕ್ಕೆ ಬಿರುಕು ಬಿಟ್ಟ ಹಂಗೆ ಕರೀ ಬಸಾಲ್ಟ್ ಕಲ್ಲುಗಳನ್ನ ಏರುಪೇರಾಗಿ ಹೂತಿದಾರೆ. "ಆವತ್ತಿಗೆ ಮುಂಚೆ ತಿಂಗಳುಗಟ್ಟಲೆ ಬೀದೀಲಿ ದ್ರೋಹಿ ದ್ರೋಹಿ ಅಂತ ಕೂಗ್ತಿದ್ರು, ನಾವು ಅದನ್ನೂ ಬರೀ ಕೂಗಾಟ ಅಂದ್ಕೊಂಡಿದ್ವಿ" ಅಂದ್ರು ಅವರು. ಸೂಪರ್‌ಮಾರ್ಕೆಟ್ ಜಗಳ ನೋಡಿ ನಾನು ಖುಷಿಪಟ್ಟಿದ್ದು ನೆನಪಾಗಿ ಏನೂ ಮಾತಾಡಲಿಲ್ಲ. ಎದುರಿನ ಕಂಬದಲ್ಲಿ ಈ ಸಲದ ಎಲೆಕ್ಷನ್ ಪೋಸ್ಟರ್, ಯಾರೋ ಮುಖಕ್ಕೆ ಮಸಿ ಬಳಿದಿದ್ರು.

ಅಕ್ಟೋಬರ್ 1, ಶನಿವಾರ

ಇವತ್ತು ಜಾಫಾ. ಯೆಫೆತ್ ರಸ್ತೆಯ ಸಂತ ಅಂತೋನಿ ಚರ್ಚ್ ಮುಂದೆ ಹೋಗ್ತಿದ್ರೆ ಕಿವಿಗೆ ಕೊಂಕಣಿ, ಅದರ ಮಧ್ಯೆ "ಎಂತ ಮಾರಾಯ್ತಿ" ಬಿತ್ತು! ನಿಂತ್ಕೊಂಡೆ. ಮಂಗಳೂರು ಉಡುಪಿ ಕಡೆಯವರು ಇಲ್ಲಿ ತುಂಬ ಜನ ಇದಾರೆ, ವಯಸ್ಸಾದವರನ್ನ ನೋಡ್ಕೊಳ್ಳೋ ಕೇರ್‌ಗಿವರ್ ಕೆಲಸ, ಮನೆಯಲ್ಲೇ ಇದ್ದು ರಾತ್ರಿ ಹಗಲು. ಸಾಮಾನ್ಯವಾಗಿ ರಜೆ ಸಿಗೋದು ಶನಿವಾರ, ಅದಕ್ಕೆ ಇವರ ಭಾನುವಾರದ ಪೂಜೆನೂ ಶನಿವಾರಾನೇ. ಬೆಳ್ತಂಗಡಿ ಕಡೆಯ ಒಬ್ಬ ಅಕ್ಕ ಮಾತಿಗೆ ಸಿಕ್ರು. ಅವರು ನೋಡ್ಕೊಳ್ತಿರೋ ಅಜ್ಜಿಗೆ ತೊಂಬತ್ತು ದಾಟಿದೆ, ಬಾಗ್ದಾದ್‌ನಲ್ಲಿ ಹುಟ್ಟಿದವರು, 1951ರಲ್ಲಿ ಇರಾಕಿನ ಯಹೂದಿಗಳನ್ನ ವಿಮಾನದಲ್ಲಿ ಕರ್ಕೊಂಡು ಬಂದಾಗ ಬಂದು ವರ್ಷಗಟ್ಟಲೆ ಟೆಂಟಲ್ಲಿ ಇದ್ದವರಂತೆ.

"ನಿಮಗೆ ಕಷ್ಟ ಆಗಲ್ವಾ ಅಕ್ಕ?"

"ಕಷ್ಟ ಅಂದ್ರೆ ಬೆಳಿಗ್ಗೆ ಎದ್ದ ಕೂಡ್ಲೆ ಶುರು ಮಾರಾಯ್ರೆ. ಚಾ ಬಿಸಿ ಇಲ್ಲ, ಕಿಟಕಿ ಯಾಕೆ ತೆರೆದದ್ದು, ನನ್ನ ಕನ್ನಡಕ ನೀನೇ ಅಡಗಿಸಿಟ್ಟದ್ದು. ಒಂದು ಸಲ ಗ್ಲಾಸ್ ಬಿಸಾಡಿದ್ದುಂಟು. ಆದ್ರೆ ವರ್ಷಕ್ಕೊಂದು ದಿನ, ಕಿಪ್ಪುರಿನ ಮೊದ್ಲು, ನನ್ನನ್ನು ಎದುರು ಕೂರಿಸಿ ಕ್ಷಮೆ ಕೇಳ್ತಾರೆ. ಸುಮ್ನೆ ಅಲ್ಲ, ಲಿಸ್ಟ್ ಉಂಟು ಅವರ ಹತ್ರ! ಗ್ಲಾಸ್ ಬಿಸಾಡಿದ್ದು, ನನ್ನ ಮೀನು ಸಾರಿಗೆ ಮೂಗು ಮುಚ್ಚಿದ್ದು, ನನ್ನ ಅಮ್ಮ ತೀರಿಹೋದಾಗ ಒಂದು ದಿನ ಜಾಸ್ತಿ ರಜೆ ಕೊಡದ್ದು. ನಾನು ಪರ್ವಾಗಿಲ್ಲ ಸಾವ್ತಾ (ಹೀಬ್ರೂನಲ್ಲಿ ಅಜ್ಜಿ) ಅಂದ್ರೆ ಆಗುದಿಲ್ಲ ಅವರಿಗೆ. ಕ್ಷಮಿಸಿದ್ದೇನೆ ಅಂತ ಬಾಯಿಬಿಟ್ಟು ಹೇಳ್ಬೇಕು, ಅಷ್ಟರವರೆಗೆ ಬಿಡುದಿಲ್ಲ."

"ಹೇಳಿದ್ರಾ?"

"ಮೊದಲ ವರ್ಷ ರಜೆದ್ದು ಒಂದು ಬಿಟ್ಟು ಉಳಿದದ್ದೆಲ್ಲ ಕ್ಷಮಿಸಿದೆ. ಮರುದಿನ ಮತ್ತೆ ಕೇಳಿದ್ರು. ಮೂರನೇ ದಿನ ಹೇಳಿದೆ, ಎಂತ ಮಾಡುದು, ಮುದುಕಿ ಅಳ್ಲಿಕ್ಕೆ ಶುರು ಮಾಡಿದ್ರು. ಕಿಪ್ಪುರ್ ಮುಗಿದ ಮರುದಿನ ಪುನಃ ಚಾ ಬಿಸಿ ಇಲ್ಲ."

ಮೂರು ಸಲ ಕೇಳೋದು ಸುಮ್ನೆ ಅಲ್ಲ. ಯೋಮ್ ಕಿಪ್ಪುರ್ ದಿನ ದೇವರು ಕ್ಷಮಿಸೋದು ದೇವರಿಗೆ ಮಾಡಿದ ತಪ್ಪು ಮಾತ್ರ, ಮನುಷ್ಯರಿಗೆ ಮಾಡಿದ್ದನ್ನ ಅವರನ್ನೇ ಸಮಾಧಾನ ಮಾಡಿ ಪಡ್ಕೋಬೇಕು ಅಂತ ಯಹೂದಿಗಳ ಹಳೇ ಧರ್ಮಶಾಸ್ತ್ರ ಮಿಶ್ನಾದಲ್ಲೇ ಇದೆ. ಅದಕ್ಕೆ 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಲೆಕ್ಕ ಕಟ್ಟಿದಾರೆ, ಮೂರು ಜನರನ್ನ ಕರ್ಕೊಂಡು ಹೋಗಿ ಕೇಳು, ಒಪ್ಪದಿದ್ರೆ ಎರಡನೇ ಸಲ, ಮೂರನೇ ಸಲ. ಆಮೇಲೂ ಒಪ್ಪಲಿಲ್ಲ ಅಂದ್ರೆ ಪಾಪ ಕ್ಷಮಿಸದವನದ್ದು. ಗುರುವಿಗೆ ತಪ್ಪು ಮಾಡಿದ್ರೆ ಮಾತ್ರ ಸಾವಿರ ಸಲ ಆದ್ರೂ ಹೋಗ್ಬೇಕು. ಆದ್ರೆ ಇದರಲ್ಲಿ ನಂಗೊಂದು ತಕರಾರಿದೆ. ಸಂಬಳ ಕೊಡೋರು ಕೇಳಿದಾಗ ಇಲ್ಲ ಅನ್ನೋದು ಎಷ್ಟು ಜನರ ಕೈಲಾಗುತ್ತೆ? ಕೇರ್‌ಗಿವರ್ ವೀಸಾಗೆ ಮಾಮೂಲಿ 63 ತಿಂಗಳ ಮಿತಿ, ಅದು ದಾಟಿದ್ಮೇಲೆ ಅದೇ ಅಜ್ಜಿ ಜೊತೆ ಇದ್ರೆ ಮಾತ್ರ ಮುಂದುವರಿಯೋಕಾಗೋದು. ಅಕ್ಕನಿಗೆ ಇದನ್ನ ಹೇಳಿದ್ದಕ್ಕೆ ನಕ್ಕು, "ಅದು ಸರಿ, ಆದ್ರೆ ಊರಲ್ಲಿ ನನ್ನ ಮಾವ ಇಷ್ಟು ವರ್ಷದಲ್ಲಿ ಒಂದು ಸಲ ಕೇಳಿದ್ದಿಲ್ಲ ಅಲ್ವಾ" ಅಂದ್ರು.

ಅಕ್ಟೋಬರ್ 3, ಸೋಮವಾರ

ಆಫೀಸಲ್ಲಿ ಬೆಳಗ್ಗೆಯಿಂದ ವಾಟ್ಸಾಪ್ ಫಾರ್ವರ್ಡ್ ಮಳೆ, ತಿಳಿದೋ ತಿಳಿಯದೆಯೋ ನೋಯಿಸಿದ್ರೆ ಕ್ಷಮಿಸಿ, ಕೆಳಗೆ ಬಿಳಿ ಪಾರಿವಾಳ. ಗೆಳತಿಗೆ ಇದನ್ನ ಕಂಡ್ರೆ ಆಗಲ್ಲ, ಇನ್ನೂರು ಜನಕ್ಕೆ ಒಟ್ಟಿಗೆ ಕಳಿಸಿದ್ರೆ ಯಾರಿಗೂ ಕಳಿಸಿಲ್ಲ ಅಂತ ಲೆಕ್ಕ ಅಂತಾಳೆ. ಮಧ್ಯಾಹ್ನ ಅವಳೇ ಮೆಟ್ಟಿಲ ಹತ್ರ ನಿಂತು ಅರ್ಧ ಗಂಟೆ ಫೋನಲ್ಲಿದ್ಲು, ನಾದಿನಿಗೆ. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಏನಾಯ್ತು ಅಂದೆ, ಅವಳು ಒಪ್ಪಲಿಲ್ಲ, ನಾಳೆ ಮತ್ತೆ ಮಾಡ್ತೀನಿ ಅಂದ್ಲು.

ಅಕ್ಟೋಬರ್ 4, ಮಂಗಳವಾರ

ಮನೇಲಿ ಆಯುಧ ಪೂಜೆ, ತಮ್ಮ ಬೈಕ್ ತೊಳೆದು ಹಾರ ಹಾಕಿದ ಫೋಟೋ ಕಳಿಸಿದಾನೆ. ಇಲ್ಲಿ ಸೈಕಲ್ ಶಾಪ್ ಮುಂದೆ ಮಕ್ಕಳ ಕ್ಯೂ, ಟೈರಿಗೆ ಗಾಳಿ, ಬ್ರೇಕ್ ರಿಪೇರಿ. ಸಂಜೆಯಿಂದ ಯೋಮ್ ಕಿಪ್ಪುರ್, ದೇಶದಲ್ಲಿ ಹೆಚ್ಚು ಕಮ್ಮಿ ಕಾರುಗಳೇ ಓಡಲ್ಲ, ಅಯಲೋನ್ ಹೈವೇ ಪೂರ್ತಿ ಮಕ್ಕಳ ಸೈಕಲ್‌ಗಳದ್ದೇ. ಏರ್‌ಪೋರ್ಟೂ ಮಧ್ಯಾಹ್ನದ ಮೇಲೆ ಬಂದ್ ಆಗುತ್ತೆ, ನಂದು ಅದಕ್ಕೆ ಮುಂಚಿನ ಫ್ಲೈಟ್, ಹಾಗಾಗಿ ಅದನ್ನ ನೋಡೋ ಭಾಗ್ಯ ಇಲ್ಲ.

ಸೆಕ್ಯೂರಿಟಿ ಕ್ಯೂ ಹಾವಿನ ಥರ ಸುತ್ತಿತ್ತು. ಬ್ಯಾಗ್ ಯಾರು ಪ್ಯಾಕ್ ಮಾಡಿದ್ದು, ಯಾರಾದ್ರೂ ಏನಾದ್ರೂ ಕೊಟ್ರಾ, ಎಲ್ಲರಿಗೂ ಅದೇ ಪ್ರಶ್ನೆ. ಬೆಳ್ತಂಗಡಿ ಅಕ್ಕ ಊರಿಗೆ ಅಂತ ಕೊಟ್ಟ ಖರ್ಜೂರದ ಡಬ್ಬಿ ಬಗ್ಗೆ ಹೇಳಿದೆ, ಬಿಚ್ಚಿಸಿ ನೋಡಿ ಮತ್ತೆ ಅವರೇ ಟೇಪ್ ಹಾಕಿಕೊಟ್ರು. ಅಷ್ಟರಲ್ಲಿ ಒಬ್ಬ ಗಡ್ಡದ ಆಸಾಮಿ ಟ್ರಾಲಿ ತಳ್ಕೊಂಡು ಕ್ಯೂ ಮಧ್ಯೆ ನುಗ್ಗಿದ, "ಒಂದೇ ಒಂದು ಪ್ರಶ್ನೆ ಕೇಳ್ಬೇಕು ಅಷ್ಟೇ" ಅಂತ. ಎಲ್ರೂ ಓ ಅಂತ ಕೂಗಿದ್ರು. ಅವನು ತಿರುಗಿ ಎದೆ ಮೇಲೆ ಕೈ ಇಟ್ಕೊಂಡು, ಇವತ್ತು ಸಂಜೆ ಯೋಮ್ ಕಿಪ್ಪುರ್, ಎಲ್ಲರೂ ನನ್ನ ಕ್ಷಮಿಸ್ಬೇಕು ಅಂದ. ಮುಂದಿದ್ದ ಹೆಂಗಸು ತನ್ನ ಸೂಟ್‌ಕೇಸ್ ಅವನ ಟ್ರಾಲಿಗೆ ಅಡ್ಡ ಇಟ್ಟು, ಇಂಗ್ಲಿಷಲ್ಲೇ, ನಮಗೂ ಅರ್ಥ ಆಗ್ಲಿ ಅಂತ ಇರ್ಬೇಕು, ಹೇಳಿದ್ಲು: "ಕ್ಷಮಿಸಿದ್ದೀನಿ. ಈಗ ಹಿಂದೆ ಹೋಗಿ ನಿಂತ್ಕೋ."